ಹದಿನಾಲ್ಕು ದಾಟಿದ ಮಕ್ಕಳು ಗೇಲಿಕ್ ಫುಟ್‌ಬಾಲ್ ಬಿಡುತ್ತಿದ್ದಾರೆ: ನಮ್ಮಂಥ ಸಣ್ಣ ಊರಿನ ಕ್ಲಬ್ ಏನು ಮಾಡಬಹುದು?

ಪ್ರಶ್ನೆ: ಮೇಯೋದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯವಳು. ಒಂಬತ್ತು ವರ್ಷಗಳಿಂದ ಐರ್ಲೆಂಡಿನ ಪಶ್ಚಿಮದಲ್ಲಿರುವ ಮೇಯೋ ಕೌಂಟಿಯಲ್ಲಿ ನರ್ಸ್ ಆಗಿದ್ದೇನೆ. ನಾವಿರುವ ಊರಿನಲ್ಲಿ ಒಂದು ಚರ್ಚು, ಒಂದು ಪ್ರಾಥಮಿಕ ಶಾಲೆ, ಎರಡು ಅಂಗಡಿ ಮತ್ತು ಒಂದು ಗೇಲಿಕ್ ಫುಟ್‌ಬಾಲ್ ಮೈದಾನ ಇವೆ. ಬಂದ ಮೊದಲ ವರ್ಷ ನಮ್ಮ ಪರಿಚಯ ಯಾರಿಗೂ ಇರಲಿಲ್ಲ. ಮಗನನ್ನು ಕ್ಲಬ್ಬಿಗೆ ಸೇರಿಸಿದ ಎರಡೇ ತಿಂಗಳಲ್ಲಿ ಅಂಗಡಿಯಲ್ಲಿಯೂ ಆಸ್ಪತ್ರೆಯ ಕಾರಿಡಾರಿನಲ್ಲಿಯೂ ಅವನ ತಾಯಿ ಎಂದು ಗುರುತು ಹಿಡಿದು ನಿಲ್ಲಿಸಿ ಮಾತನಾಡಿಸುವವರು ಸಿಕ್ಕರು. ಆ ಋಣ ನನ್ನ ಮೇಲಿರುವುದರಿಂದಲೇ ಈ ಪ್ರಶ್ನೆಯನ್ನು ಇಲ್ಲಿ ಕೇಳುತ್ತಿದ್ದೇನೆ.

ಈ ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಪ್ರತಿ ತಂಡದಲ್ಲಿ 15 ಮಂದಿ ಇರುತ್ತಾರೆ, ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಗೋಲಿನ ಅಡ್ಡಪಟ್ಟಿಯ ಮೇಲಿಂದ ಹೋದರೆ ಸಾಮಾನ್ಯವಾಗಿ ಒಂದು ಅಂಕ (2025ರ ಹೊಸ ನಿಯಮದಂತೆ 40 ಮೀಟರ್ ಕಮಾನಿನ ಹೊರಗಿನಿಂದ ಒದ್ದರೆ ಎರಡು), ಬಲೆಯೊಳಗೆ ಹೋದರೆ ಮೂರು. 1884ರಲ್ಲಿ ತರ್ಲ್ಸ್ ಎಂಬ ಊರಿನಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಜಿ.ಎ.ಎ., ಇದನ್ನು ನಡೆಸುತ್ತದೆ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಎಂಬತ್ತು ಸಾವಿರ ಜನರ ಮುಂದೆ ಆಡುವ ಆಟಗಾರನಿಗೂ ಸಂಬಳವಿಲ್ಲ. ಅವನು ಮರುದಿನ ತನ್ನ ಶಾಲೆಗೋ ಹೊಲಕ್ಕೋ ಬ್ಯಾಂಕಿಗೋ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಮೇಯೋ 1951ರ ನಂತರ ಕೌಂಟಿ ತಂಡಗಳ ಅತಿ ದೊಡ್ಡ ಪ್ರಶಸ್ತಿಯಾದ ಆಲ್ ಐರ್ಲೆಂಡ್ ಗೆದ್ದಿಲ್ಲ, ಆದರೂ ಇಲ್ಲಿನ ಮನೆಗಳ ಮುಂದೆ ಹಸಿರು-ಕೆಂಪು ಬಾವುಟ ಇಳಿದದ್ದನ್ನು ನಾನು ಕಂಡಿಲ್ಲ.

ಈಗ ನಮ್ಮ ಕಷ್ಟಕ್ಕೆ ಬರುತ್ತೇನೆ. ಮಗ ಅಂಡರ್-11 ಆಡುವಾಗ ಅವನ ಜೊತೆ 23 ಹುಡುಗರಿದ್ದರು. ಈಗ ಅಂಡರ್-15ರಲ್ಲಿ ಉಳಿದಿರುವವರು 12. ಇಬ್ಬರು ಸಾಕರ್‌ಗೆ ಹೋದರು, ಒಬ್ಬ ರಗ್ಬಿಗೆ ಹೋದ. ಒಬ್ಬನ ತಂದೆ-ತಾಯಿಗೆ ಇಲ್ಲಿ ಬಾಡಿಗೆ ಮನೆ ಸಿಗದೆ ಗಾಲ್ವೇಗೆ ಹೊರಟುಹೋದರು. ಉಳಿದವರು ಯಾವಾಗ ಬರುವುದನ್ನು ನಿಲ್ಲಿಸಿದರು ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದುಹೋಗಿರುವುದು ಕಳೆದ ವರ್ಷದ ಒಂದು ಸಂಜೆ. ಆಗ ತಂಡದಲ್ಲಿ ಇನ್ನೂ ಹದಿನೆಂಟು ಮಕ್ಕಳಿದ್ದರು. ಮಳೆಯಲ್ಲಿ ಪಂದ್ಯ ಮುಗಿಸಿ ಎಲ್ಲರೂ ಕೆಸರು ಮೆತ್ತಿಕೊಂಡು ಬಂದರೆ, ನನ್ನ ಮಗನ ಜರ್ಸಿ ಬೆಳಿಗ್ಗೆ ಇಸ್ತ್ರಿ ಮಾಡಿದ ಹಾಗೆಯೇ ಇತ್ತು. ಬಟ್ಟೆ ಒಗೆಯಲು ತೆಗೆದುಕೊಂಡಾಗ ಕಾಲುಚೀಲದಲ್ಲಿ ಸಿಕ್ಕಿಸಿಕೊಂಡಿದ್ದ ಗಮ್‌ಶೀಲ್ಡ್ (ಆಡುವಾಗ ಹಲ್ಲಿನ ರಕ್ಷಣೆಗೆ ಇಟ್ಟುಕೊಳ್ಳುವ ಕವಚ) ಕೈಗೆ ಬಂತು. ಅದು ಒಣಗಿಯೇ ಇತ್ತು. ಇಡೀ ಪಂದ್ಯದಲ್ಲಿ ಅವನಿಗೆ ಅದನ್ನು ಬಾಯಿಗೆ ಇಟ್ಟುಕೊಳ್ಳುವ ಸಂದರ್ಭ ಬಂದಿರಲಿಲ್ಲ. ‘ಅಮ್ಮ, ಮುಂದಿನ ವಾರ ಹೋಗಲೇಬೇಕಾ?’ ಎಂದು ಕೇಳಿದ. ಅವನು ಇನ್ನೂ ಹೋಗುತ್ತಿದ್ದಾನೆ, ಆದರೆ ಆ ಪ್ರಶ್ನೆಯನ್ನು ಬೇರೆ ಎಷ್ಟು ಮನೆಗಳಲ್ಲಿ ಕೇಳಿದ್ದಾರೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ನನ್ನನ್ನು ಕ್ಲಬ್ಬಿನ ಚಿಲ್ಡ್ರನ್ಸ್ ಆಫೀಸರ್, ಅಂದರೆ ಮಕ್ಕಳ ಹಿತ ನೋಡಿಕೊಳ್ಳುವವಳು, ಆಗಿರಿ ಎಂದು ಕೇಳಿದ್ದಾರೆ. ಅದಕ್ಕೆ ಬೇಕಾದ ಗಾರ್ಡಾ ವೆಟ್ಟಿಂಗ್ (ಪೊಲೀಸರ ಹಿನ್ನೆಲೆ ಪರಿಶೀಲನೆ) ಮುಗಿದಿದೆ. ಮುಂದಿನ ತಿಂಗಳ ವಾರ್ಷಿಕ ಸಭೆಯಲ್ಲಿ ಈ ವಿಷಯ ಎತ್ತಬೇಕೆಂದಿದ್ದೇನೆ. ಮಕ್ಕಳನ್ನು ಆಡಿಸಿದ, ತರಬೇತಿ ಕೊಟ್ಟ, ಅಥವಾ ಸ್ವತಃ ಆಡಿದ ಕನ್ನಡಿಗರು ಇಲ್ಲಿದ್ದರೆ, ನಿಮ್ಮ ಕ್ಲಬ್‌ಗಳಲ್ಲಿ ಏನು ಮಾಡಿದಿರಿ, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂದು ದಯವಿಟ್ಟು ತಿಳಿಸಿ.

ಉತ್ತರ 1: ದಕ್ಷಿಣ ಡಬ್ಲಿನ್‌ನ ತರಬೇತುದಾರ

ಮೇಡಂ, ಆ ಒಣ ಗಮ್‌ಶೀಲ್ಡಿನ ಮಾತು ಓದಿ ನನಗೆ ನನ್ನದೇ ತಪ್ಪು ನೆನಪಾಯಿತು. ನಾನು ಸಾಫ್ಟ್‌ವೇರ್ ಕೆಲಸದವನು, ಆರು ವರ್ಷಗಳಿಂದ ಒಂದು ದೊಡ್ಡ ಕ್ಲಬ್ಬಿನಲ್ಲಿ ಮಕ್ಕಳ ತಂಡ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕಷ್ಟ ನಿಮ್ಮದಕ್ಕೆ ತದ್ವಿರುದ್ಧ. ಶನಿವಾರ ಬೆಳಿಗ್ಗೆ ಏಳೆಂಟು ವರ್ಷದ ಅರವತ್ತು ಮಕ್ಕಳು ಬಂದು ನಿಲ್ಲುತ್ತಾರೆ, ಅವರನ್ನು ಆಡಿಸಲು ಮೈದಾನ ಸಾಲದು. ಆದರೆ ಅದೇ ಮಕ್ಕಳು ಹದಿನಾರಕ್ಕೆ ಬರುವಾಗ ಒಂದೇ ತಂಡಕ್ಕೆ ಆಗುವಷ್ಟು ಮಾತ್ರ ಉಳಿದಿರುತ್ತಾರೆ. ಹಾಗಾಗಿ ಊರು ದೊಡ್ಡದಿದ್ದರೆ ಈ ಸಮಸ್ಯೆ ಇರುವುದಿಲ್ಲ ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ನಂಬಬೇಡಿ. ನಮ್ಮಲ್ಲಿ ಸಂಖ್ಯೆ ಹೆಚ್ಚಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಹನ್ನೆರಡು ವರ್ಷದೊಳಗಿನವರಿಗೆ ಜಿ.ಎ.ಎ. ‘ಗೋ ಗೇಮ್ಸ್’ ಎಂಬ ಒಳ್ಳೆಯ ವ್ಯವಸ್ಥೆ ಮಾಡಿದೆ. ಸಣ್ಣ ಮೈದಾನ, ಸಣ್ಣ ತಂಡಗಳು, ಬಂದ ಪ್ರತಿ ಮಗುವೂ ಆಡಲೇಬೇಕು, ಕಪ್-ಪದಕಗಳ ಹಂಬಲವಿಲ್ಲ. ತೊಂದರೆ ಶುರುವಾಗುವುದು ಅದು ಮುಗಿದ ಮರುವರ್ಷ. ನಿನ್ನೆಯವರೆಗೆ ಎಲ್ಲರೂ ಆಡುತ್ತಿದ್ದ ತಂಡದಲ್ಲಿ ಇಂದು ಲೀಗ್ ಪಟ್ಟಿ ಬಂತು, ಕಪ್ ಬಂತು, ಬದಿಯಲ್ಲಿ ನಿಂತು ಕೂಗುವ ಅಪ್ಪಂದಿರೂ ಬಂದರು. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಒಂದು ಅಡಿ ಎತ್ತರ ಬೆಳೆದಿರುವ ವಯಸ್ಸು ಅದು; ಆಗ ಎತ್ತರ ಇರುವವನನ್ನೇ ಆಟಗಾರ ಎಂದು ನಾವು ತಪ್ಪು ತಿಳಿಯುತ್ತೇವೆ.

ನಾನು ಎರಡು ವರ್ಷ ಹಾಗೆಯೇ ಮಾಡಿದೆ. ಮೂರನೆಯ ವರ್ಷ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪ್ರತಿ ಹುಡುಗ ಪ್ರತಿ ಪಂದ್ಯದಲ್ಲಿ ಎಷ್ಟು ನಿಮಿಷ ಆಡಿದ ಎಂದು ಬರೆಯತೊಡಗಿದೆ. ನಾನು ಎಲ್ಲರಿಗೂ ಅವಕಾಶ ಕೊಡುತ್ತಿದ್ದೇನೆ ಎಂದೇ ನಂಬಿದ್ದೆ. ಋತುವಿನ ಮಧ್ಯದಲ್ಲಿ ಕೂಡಿಸಿ ನೋಡಿದಾಗ ಆರು ಹುಡುಗರಿಗೆ ಪಂದ್ಯಕ್ಕೆ ಹತ್ತು ನಿಮಿಷವೂ ಸಿಕ್ಕಿರಲಿಲ್ಲ, ಅವರಲ್ಲಿ ನಾಲ್ವರು ಅಷ್ಟರಲ್ಲಾಗಲೇ ತರಬೇತಿ ತಪ್ಪಿಸತೊಡಗಿದ್ದರು. ಅಂದಿನಿಂದ ಪ್ರತಿಯೊಬ್ಬನಿಗೂ ಅರ್ಧ ಪಂದ್ಯ ಖಚಿತ ಎಂದು ಮೊದಲೇ ಹೇಳಿಬಿಟ್ಟೆ. ನಿಮ್ಮ ಸಭೆಯಲ್ಲಿ ಬೇರೇನೂ ಆಗದಿದ್ದರೂ ಆ ನೋಟ್‌ಬುಕ್ಕಿಗೆ ಒಪ್ಪಿಗೆ ಪಡೆಯಿರಿ. ಅದಕ್ಕೆ ಒಂದು ಯೂರೋ ಸಾಕು.

ಉತ್ತರ 2: ಕೆರಿಯಲ್ಲಿ ಹದಿನಾಲ್ಕು ವರ್ಷ

ಡಬ್ಲಿನ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಮೇಯೋದ ಅಕ್ಕನವರ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಸೇರಿಕೊಂಡಿವೆ: ಆಟ ಬಿಟ್ಟ ಮಕ್ಕಳು ಒಂದು ಕಡೆ, ಊರನ್ನೇ ಬಿಟ್ಟ ಮಕ್ಕಳು ಇನ್ನೊಂದು ಕಡೆ. ಮೊದಲನೆಯವರನ್ನು ಒಳ್ಳೆಯ ಕೋಚ್ ಉಳಿಸಿಕೊಳ್ಳಬಲ್ಲ. ಎರಡನೆಯವರ ವಿಷಯದಲ್ಲಿ ಕೋಚ್ ಏನು ಮಾಡಿಯಾನು?

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾ ದಕ್ಷಿಣ ಕೆರಿಯ ಐವೆರಾ ಪರ್ಯಾಯದ್ವೀಪದಲ್ಲಿ ಬಹಳ ವರ್ಷ ಇದ್ದವನು. ಈ ಆಟದಲ್ಲಿ ಕೆರಿ ಕೌಂಟಿಗಿಂತ ದೊಡ್ಡ ಹೆಸರಿಲ್ಲ. 2025ರಲ್ಲಿ ಗೆದ್ದದ್ದು ಅದರ 39ನೆಯ ಆಲ್ ಐರ್ಲೆಂಡ್. ಆ ಹೆಸರನ್ನು ಕಟ್ಟಿದವರಲ್ಲಿ ಎಷ್ಟು ಜನ ಆ ಒಂದು ಸಣ್ಣ ಕರಾವಳಿಯವರು ನೋಡಿ: ವಾಟರ್‌ವಿಲ್‌ನ ಮಿಕ್ ಓ'ಡ್ವಾಯರ್, ಕಹರ್‌ಸಿವೀನ್‌ನ ಜ್ಯಾಕ್ ಓ'ಶೇ ಮತ್ತು ಮಾರಿಸ್ ಫಿಟ್ಜ್‌ಜೆರಾಲ್ಡ್, ವ್ಯಾಲೆಂಶಿಯಾ ದ್ವೀಪದ ಮಿಕ್ ಓ'ಕಾನೆಲ್. ಸೇತುವೆ ಇಲ್ಲದ ಕಾಲದಲ್ಲಿ ಓ'ಕಾನೆಲ್ ತಾನೇ ದೋಣಿಗೆ ಹುಟ್ಟು ಹಾಕಿಕೊಂಡು ದ್ವೀಪದಿಂದ ದಡಕ್ಕೆ ಬರುತ್ತಿದ್ದರು ಎಂಬುದನ್ನು ಅಲ್ಲಿನ ಹಿರಿಯರು ಇಂದಿಗೂ ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ಈಗ ಅದೇ ಕರಾವಳಿಯ ಕ್ಲಬ್‌ಗಳು ಒಂಟಿಯಾಗಿ ಹದಿನೈದು ಮಕ್ಕಳನ್ನು ಹೊಂದಿಸಲಾರದೆ ಕಿರಿಯರ ಮಟ್ಟದಲ್ಲಿ ಕೂಡಿ ಆಡುತ್ತಿವೆ.

ಕಾರಣ ಈ ಆಟದ ಕಟ್ಟಳೆಯಲ್ಲಿಯೇ ಇದೆ. ಬಹುಮಟ್ಟಿಗೆ ಹುಟ್ಟಿ ಬೆಳೆದ ಪ್ಯಾರಿಷ್‌ನ (ಒಂದು ಚರ್ಚಿನ ವ್ಯಾಪ್ತಿಯ ಊರಿನ) ಕ್ಲಬ್ಬಿಗೇ ಆಡಬೇಕು, ಹಣ ಕೊಟ್ಟು ಆಟಗಾರನನ್ನು ತರುವಂತಿಲ್ಲ. ಇದೇ ಆಟದ ಜೀವ, ಇದೇ ಅದರ ಕಷ್ಟ. ಹತ್ತು ವರ್ಷದ ಹಿಂದೆ ಊರಿನ ಶಾಲೆಯ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಐದೇ ಹುಡುಗರಿದ್ದರೆ ಇಂದಿನ ಅಂಡರ್-17 ತಂಡ ಅಷ್ಟೇ. ಬೆಳೆದವರಿಗೆ ಸ್ವಂತ ಜಮೀನಿನಲ್ಲಿ ಮನೆ ಕಟ್ಟಲು ಅನುಮತಿ ಸುಲಭವಾಗಿ ಸಿಗುವುದಿಲ್ಲ, ಬಾಡಿಗೆ ಮನೆಗಳು ಪ್ರವಾಸಿಗರ ಪಾಲಾಗಿವೆ, ಕಾಲೇಜು ಕಾರ್ಕ್ ಅಥವಾ ಲಿಮೆರಿಕ್‌ನಲ್ಲಿ, ಕೆಲಸ ಡಬ್ಲಿನ್‌ನಲ್ಲಿ, ಅದಾದ ಮೇಲೆ ಸಿಡ್ನಿ. ಶುಕ್ರವಾರ ರಾತ್ರಿ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಊರಿನ ಪಂದ್ಯಕ್ಕೆ ಬರುವ ಹುಡುಗರನ್ನು ನೋಡಿದ್ದೇನೆ. ಮದುವೆಯಾಗಿ ಮಗುವಾಗುವವರೆಗೆ ಬರುತ್ತಾರೆ, ಆಮೇಲೆ ಆಗುವುದಿಲ್ಲ.

2022ರಿಂದ ಕೌಂಟಿ ತಂಡಗಳ ಋತುವನ್ನು ಜುಲೈಗೆ ಮುಗಿಸಿ ನಂತರದ ತಿಂಗಳುಗಳನ್ನು ಕ್ಲಬ್‌ಗಳಿಗೆ ಬಿಟ್ಟದ್ದರಿಂದ ಪಂದ್ಯ ಯಾವ ದಿನ ಎಂಬುದಾದರೂ ಹುಡುಗರಿಗೆ ಮೊದಲೇ ತಿಳಿಯುತ್ತಿದೆ. 2024ರಲ್ಲಿ ಜಿ.ಎ.ಎ. ಅಧ್ಯಕ್ಷರಾದ ಜಾರ್ಲತ್ ಬರ್ನ್ಸ್ ಅವರ ಕಾಲದಲ್ಲಿ ಜನಸಂಖ್ಯೆಯ ಬದಲಾವಣೆಯನ್ನು ನೋಡಲೆಂದೇ ಒಂದು ಸಮಿತಿಯೂ ಆಯಿತು. ನಿಮ್ಮ ಮಟ್ಟಿಗೆ ನನ್ನ ಸಲಹೆ: ಪಕ್ಕದ ಪ್ಯಾರಿಷ್ ಜೊತೆ ಕೂಡಿ ಆಡುವುದನ್ನು ತಂಡ ಪೂರ್ತಿ ಕರಗಿದ ಮೇಲೆ ಯೋಚಿಸಬೇಡಿ, ಇನ್ನೂ ಹನ್ನೆರಡು ಮಕ್ಕಳಿರುವಾಗಲೇ ಮಾತನಾಡಿ. ಎರಡೂ ಹೆಸರು ಇರಲಿ, ತರಬೇತಿ ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ನಡೆಯಲಿ. ತಡಮಾಡಿ ಕೂಡಿದರೆ ಸಣ್ಣ ಊರಿನ ಮಕ್ಕಳು ದೊಡ್ಡ ಊರಿನವರ ಬೆಂಚಿನ ಮೇಲೆ ಕೂರುವಂತಾಗುತ್ತದೆ.

ಉತ್ತರ 3: ಗಾಲ್ವೇಯಿಂದ ಒಬ್ಬ ತಂದೆ

ಡಬ್ಲಿನ್ ಸರ್ ಅವರ ಅರ್ಧ ಪಂದ್ಯದ ಮಾತಿಗೆ ನನ್ನ ಸಣ್ಣ ಆಕ್ಷೇಪವಿದೆ. ನನ್ನ ಮಗ ಚೆನ್ನಾಗಿ ಆಡುವವನು, ಹದಿನಾರು ವಯಸ್ಸು. ಶಾಲೆಯ ತಂಡ, ಕ್ಲಬ್ ತಂಡ, ಕೌಂಟಿಯ ಅಭ್ಯಾಸ ತಂಡ, ಹೀಗೆ ಮೂರು ಕಡೆಯವರು ಅವನನ್ನು ಕರೆಯುತ್ತಾರೆ, ವಾರಕ್ಕೆ ಐದು ದಿನ. ಕಳೆದ ಚಳಿಗಾಲದಲ್ಲಿ ತೊಡೆಸಂದಿನ ನೋವಿನಿಂದ ಮೂರು ತಿಂಗಳು ಮನೆಯಲ್ಲಿ ಕುಳಿತ. ಹಿಂದೆ ಉಳಿದವರ ಬಗ್ಗೆ ಎಲ್ಲರೂ ಮಾತನಾಡುತ್ತೀರಿ. ಮುಂದೆ ಇರುವವರು ದಣಿದು ಆಟ ಬಿಡುತ್ತಿರುವುದನ್ನೂ ನೋಡಿ. ಅಲ್ಲದೆ ಗೆಲ್ಲಬೇಕೆಂಬ ಆಸೆ ಆ ವಯಸ್ಸಿನ ಹುಡುಗರಲ್ಲಿ ಸಹಜ; ಅದಕ್ಕೆ ಜಾಗವಿಲ್ಲದಿದ್ದರೆ ಅವರು ಅದು ಸಿಗುವ ಕಡೆಗೆ ಹೋಗುತ್ತಾರೆ.

ಉತ್ತರ 4: ದಕ್ಷಿಣ ಡಬ್ಲಿನ್‌ನ ತರಬೇತುದಾರ

ನಿಮ್ಮ ಮಾತು ನ್ಯಾಯವಾಗಿದೆ ಸರ್. ಹದಿನೇಳರ ನಂತರ ಅರ್ಧ ಪಂದ್ಯದ ನಿಯಮ ನಡೆಯದು, ನಾನೂ ಅದನ್ನು ಅಲ್ಲಿಯವರೆಗೆ ಎಳೆಯುವುದಿಲ್ಲ. ಆದರೆ ಆ ನೋಟ್‌ಬುಕ್ ನಿಮ್ಮ ಮಗನಿಗೂ ಬೇಕು. ಮೂವರು ಕೋಚ್‌ಗಳೂ ಒಬ್ಬ ಹುಡುಗ ವಾರದಲ್ಲಿ ಒಟ್ಟು ಎಷ್ಟು ಹೊತ್ತು ಓಡಿದ ಎಂದು ಒಂದೇ ಕಡೆ ಬರೆದಿದ್ದರೆ ಅವನ ತೊಡೆಸಂದು ಉಳಿಯುತ್ತಿತ್ತೇನೋ.

ಉತ್ತರ 5: ಹದಿನೇಳಕ್ಕೆ ಬಿಟ್ಟು ಇಪ್ಪತ್ತಕ್ಕೆ ಮರಳಿದವಳು

ಇಲ್ಲಿ ಎಲ್ಲರೂ ಹುಡುಗರ ಬಗ್ಗೆಯೇ ಬರೆದಿದ್ದೀರಿ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ನಾನು ಎಂಟನೆಯ ವಯಸ್ಸಿನಲ್ಲಿ ಮೈಸೂರಿನಿಂದ ಬಂದವಳು, ಹತ್ತರಿಂದ ಹದಿನೇಳರವರೆಗೆ ಆಡಿದೆ. ಹೆಣ್ಣುಮಕ್ಕಳ ಫುಟ್‌ಬಾಲನ್ನು 1974ರಲ್ಲಿ ಹುಟ್ಟಿದ ಬೇರೆಯೇ ಸಂಸ್ಥೆ ನಡೆಸುತ್ತದೆ. ಮಾಜಿ ರಾಷ್ಟ್ರಾಧ್ಯಕ್ಷೆ ಮೇರಿ ಮೆಕಲೀಸ್ ಅವರ ನೇತೃತ್ವದಲ್ಲಿ ಅದನ್ನೂ ಕಮೋಗಿಯನ್ನೂ (ಹೆಣ್ಣುಮಕ್ಕಳ ಕೋಲು-ಚೆಂಡಿನ ಆಟ) ಜಿ.ಎ.ಎ. ಜೊತೆ 2027ರೊಳಗೆ ಒಂದುಗೂಡಿಸುವ ಪ್ರಯತ್ನ ನಡೆದಿದೆ. ನಾವು ಆಡುತ್ತಿದ್ದಾಗ ಮೈದಾನ ಹುಡುಗರು ಬಿಟ್ಟ ಮೇಲೆ ನಮಗೆ ಸಿಗುತ್ತಿತ್ತು, ಅಷ್ಟು ಹೊತ್ತಿಗೆ ಕತ್ತಲಾಗಿರುತ್ತಿತ್ತು. ಚಡ್ಡಿ ಬಿಳಿಯದು. ತಿಂಗಳ ಆ ದಿನಗಳಲ್ಲಿ ನಮ್ಮ ತಂಡದ ಮೂರು ನಾಲ್ಕು ಹುಡುಗಿಯರು ಹೊಟ್ಟೆನೋವು ಎಂದು ಹೇಳಿ ಬರುತ್ತಿರಲಿಲ್ಲ. ಕೋಚ್ ಆಗಿದ್ದ ಅಂಕಲ್‌ಗೆ ಅದನ್ನು ಯಾರು ಹೇಳುವುದು? ಕಪ್ಪು ಚಡ್ಡಿ ಕೊಟ್ಟಿದ್ದರೆ ಆಗುತ್ತಿತ್ತು.

ನಾನು ಬಿಟ್ಟದ್ದು ಲೀವಿಂಗ್ ಸರ್ಟ್, ಅಂದರೆ ಶಾಲೆಯ ಕೊನೆಯ ಪರೀಕ್ಷೆಯ ವರ್ಷದಲ್ಲಿ. ಕ್ರಿಸ್‌ಮಸ್ ಕಳೆದ ಮೇಲೆ ಪರೀಕ್ಷೆ ಮುಗಿಯುವವರೆಗೆ ಬೇಡ ಎಂದು ಅಪ್ಪ ಹೇಳಿದರು, ನಾನೂ ಒಪ್ಪಿದೆ. ಜೂನ್‌ನಲ್ಲಿ ಪರೀಕ್ಷೆ ಮುಗಿಯಿತು. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು, ಕ್ಲಬ್ಬಿನಿಂದ ಒಂದು ಫೋನ್ ಬರಲಿಲ್ಲ. ಆರು ತಿಂಗಳು ಹೋಗದವಳು ತಾನಾಗಿಯೇ ಹೋಗಿ ನಿಲ್ಲುವುದು ಎಷ್ಟು ಕಷ್ಟ ಎಂದು ದೊಡ್ಡವರಿಗೆ ಹೊಳೆಯುವುದಿಲ್ಲ. ಯಾರಾದರೂ ‘ಬುಧವಾರ ಬಾಮ್ಮ’ ಎಂದು ಒಂದು ಮಾತು ಹೇಳಿದ್ದರೆ ಅದೇ ವಾರ ಹೋಗಿರುತ್ತಿದ್ದೆ. ಮೂರು ವರ್ಷದ ನಂತರ ಕಾಲೇಜಿನ ಗೆಳತಿಯೊಬ್ಬಳು ಹಾಗೆ ಕರೆದಳು, ಈಗ ಮತ್ತೆ ಆಡುತ್ತಿದ್ದೇನೆ. ಆಂಟಿ, ನಿಮ್ಮ ಸಭೆಯಲ್ಲಿ ಪರೀಕ್ಷೆ ಬರೆಯುವ ಮಕ್ಕಳ ಹೆಸರನ್ನು ಬರೆದಿಟ್ಟುಕೊಂಡು, ಪರೀಕ್ಷೆ ಮುಗಿದ ವಾರವೇ ಫೋನ್ ಮಾಡುವ ಒಬ್ಬರನ್ನು ಗೊತ್ತುಮಾಡಿ.

ಮರುಪ್ರತಿಕ್ರಿಯೆ: ಮೇಯೋದಿಂದ ಒಬ್ಬ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಸಭೆ ಮೊನ್ನೆ ರಾತ್ರಿ ಮುಗಿಯಿತು. ಮೊದಲ ಒಂದು ಗಂಟೆ ಕ್ಲಬ್ ಲಾಟರಿಯ ಲೆಕ್ಕಕ್ಕೂ ಹುಲ್ಲು ಕತ್ತರಿಸುವ ಯಂತ್ರದ ರಿಪೇರಿಗೂ ಹೋಯಿತು. ನನ್ನ ಸರದಿ ಬಂದಾಗ ಬರೆದುಕೊಂಡು ಹೋಗಿದ್ದನ್ನು ಪಕ್ಕಕ್ಕಿಟ್ಟು ಆ ಗಮ್‌ಶೀಲ್ಡಿನ ಸಂಗತಿಯನ್ನೇ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಎದ್ದು, ತಮ್ಮ ಮೊಮ್ಮಗನೂ ಹಾಗೆಯೇ ಬಿಟ್ಟ ಎಂದರು. ಆಮೇಲೆ ಮತ್ತೊಬ್ಬರು ಎದ್ದರು.

ನಿಮಿಷ ಬರೆಯುವ ನೋಟ್‌ಬುಕ್‌ಗೆ ಅಂಡರ್-13 ಮತ್ತು ಅಂಡರ್-15 ಕೋಚ್‌ಗಳು ಒಪ್ಪಿದರು, ಅಂಡರ್-17ನವರು ಒಪ್ಪಲಿಲ್ಲ. ಹುಡುಗಿಯರ ಚಡ್ಡಿಯ ಬಣ್ಣ ಬದಲಾಯಿಸುವುದಕ್ಕೆ ಒಬ್ಬರೂ ಎದುರಾಡಲಿಲ್ಲ, ಇಷ್ಟು ದಿನ ಅದು ಬದಲಾಗದಿದ್ದುದಕ್ಕೆ ಯಾರೂ ಕೇಳಿರಲಿಲ್ಲ ಎಂಬುದಷ್ಟೇ ಕಾರಣ. ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ, ಈ ವರ್ಷ ಪರೀಕ್ಷೆ ಬರೆಯುವ ಒಂಬತ್ತು ಮಕ್ಕಳ ಹೆಸರು ನನ್ನ ಬಳಿ ಇವೆ. ಮನೆಗಳ ವಿಷಯ ಎತ್ತಿದಾಗ ಮಾತ್ರ ಸಭೆ ಸುಮ್ಮನಾಯಿತು. ಅಧ್ಯಕ್ಷರು ತಮ್ಮ ಸ್ವಂತ ಮಗ ಪರ್ತ್‌ನಲ್ಲಿದ್ದಾನೆ ಎಂದು ಹೇಳಿ ಕುಳಿತುಕೊಂಡರು.

ಪಕ್ಕದ ಪ್ಯಾರಿಷ್ ಜೊತೆ ಕೂಡುವುದಕ್ಕೆ ಬಹಳ ಹೊತ್ತು ಚರ್ಚೆಯಾಯಿತು. ಅವರ ವಿರುದ್ಧ ಸೋತ ಫೈನಲ್‌ಗಳನ್ನು ವರ್ಷ ಸಮೇತ ನೆನಪಿಟ್ಟುಕೊಂಡವರು ಸಭೆಯಲ್ಲಿದ್ದರು. ಕೊನೆಗೆ ಅಂಡರ್-15ಕ್ಕೆ ಮಾತ್ರ, ಒಂದು ವರ್ಷಕ್ಕೆ ಮಾತ್ರ, ಎರಡೂ ಹೆಸರಿನೊಂದಿಗೆ ಎಂದು ತೀರ್ಮಾನವಾಯಿತು. ಮೊದಲ ಜಂಟಿ ತರಬೇತಿ ಜನವರಿಯ ಎರಡನೆಯ ಬುಧವಾರ, ಅವರ ಮೈದಾನದಲ್ಲಿ. ಮಗನ ಜೊತೆ ಇನ್ನು ಮೂವರನ್ನು ಕರೆದುಕೊಂಡು ಹೋಗುವ ಪಾಳಿ ನನ್ನದು. ಅವರಲ್ಲಿ ಒಬ್ಬ ಕಳೆದ ಮಾರ್ಚ್‌ನಿಂದ ಬರದಿದ್ದವನು.