ನಿದ್ದೇಲಿ ಮೈ ಲಾಕ್ ಆಗೋದು, ದೇಹದಿಂದ ಹೊರಗೆ ಬಂದ ಹಾಗೆ ಅನ್ಸೋದು: ನಿದ್ರೆ ಡಾಕ್ಟರ್ ಹತ್ರ ಕೇಳಿದ ಪ್ರಶ್ನೆಗಳು

ಪ್ರಶ್ನೆ:
ಡಾಕ್ಟ್ರೇ ನಮಸ್ಕಾರ. ನನಗೆ 26 ವರ್ಷ, ಶಿಫ್ಟ್ ಕೆಲಸ, ಒಂದು ವಾರ ಹಗಲು ಒಂದು ವಾರ ರಾತ್ರಿ. ಸುಮಾರು ಒಂದು ವರ್ಷದಿಂದ ಆಗಾಗ ಬೆಳಗಿನ ಜಾವ ಎಚ್ಚರ ಆಗತ್ತೆ ಆದ್ರೆ ಕೈಕಾಲು ಒಂಚೂರೂ ಅಲ್ಲಾಡಲ್ಲ, ಕೂಗೋಣ ಅಂದ್ರೆ ಗಂಟಲಿಂದ ದನಿ ಹೊರಡಲ್ಲ, ಬಾಗಿಲ ಹತ್ರ ಯಾರೋ ನಿಂತಿದಾರೆ ಅಂತ ಖಂಡಿತವಾಗಿ ಅನ್ಸತ್ತೆ, ಆಮೇಲೆ ಎದೆ ಮೇಲೆ ಬಂದು ಕೂತ ಹಾಗೆ ಭಾರ. ಇವತ್ತು ಉಸಿರು ನಿಂತೇ ಹೋಗತ್ತೆ ಅಂದ್ಕೋತೀನಿ. ಹೋದ ಸಲ ಮಾತ್ರ ಬೇರೆ ಥರ ಆಯ್ತು, ಮೈಯೆಲ್ಲ ಝುಂ ಅಂತ ಮೇಲಕ್ಕೆ ತೇಲಿದ ಹಾಗಾಗಿ ಕೆಳಗೆ ಹಾಸಿಗೆ ಮೇಲೆ ನಾನೇ ಮಲಗಿರೋದು ಕಾಣಿಸ್ತು, ಆಗ ಭಯಾನೇ ಇರ್ಲಿಲ್ಲ, ಹೇಳೋಕಾಗದಷ್ಟು ಹಗುರ. ಅದನ್ನ ಬೇಕು ಅಂದಾಗ ಮಾಡ್ಬೋದು ಅಂತ ತುಂಬ ವಿಡಿಯೋ ಇದಾವೆ. ನನ್ನ ಪ್ರಶ್ನೆ ಎರಡು. ಭಯದ್ದು ನಿಲ್ಲಿಸೋದು ಹೇಗೆ, ಆ ಹಗುರಾಗಿದ್ದನ್ನ ಪ್ರಯತ್ನ ಮಾಡಿದ್ರೆ ಅಪಾಯ ಇದ್ಯಾ?

ಡಾಕ್ಟರ್:
ನಮಸ್ಕಾರ. ಮೊದಲು ಉಸಿರಿನ ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ಆ ಭಯ ಒಂದು ಹೋದ್ರೆ ಅರ್ಧ ಕೆಲಸ ಆದ ಹಾಗೆ. ನಿಮಗೆ ಆಗ್ತಿರೋ ಈ ಮೈ ಲಾಕ್ ಆಗೋದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಅಂತೀವಿ, ಅದರಲ್ಲಿ ಉಸಿರು ನಿಲ್ಲಲ್ಲ. ಇದರಿಂದ ಪ್ರಾಣಕ್ಕೆ ಅಪಾಯ ಇಲ್ಲ.

ಕನಸು ದಟ್ಟವಾಗಿ ಬೀಳೋ ನಿದ್ದೆಗೆ ರೆಮ್ ನಿದ್ದೆ ಅಂತೀವಿ, ಮುಚ್ಚಿದ ರೆಪ್ಪೆ ಒಳಗೆ ಕಣ್ಣುಗುಡ್ಡೆ ಸರಸರ ಓಡಾಡತ್ತೆ ನೋಡಿ, ಆ ನಿದ್ದೆ. 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನ ಮೊದಲು ವರದಿ ಮಾಡಿದ್ರು. ಆ ಹೊತ್ತಲ್ಲಿ ಮಿದುಳಿನ ಕಾಂಡದಿಂದ ಸಂದೇಶ ಹೋಗಿ ಗ್ಲೈಸಿನ್, ಗಾಬಾ ಅನ್ನೋ ರಾಸಾಯನಿಕಗಳು ಸ್ನಾಯುಗಳನ್ನ ನಡೆಸೋ ನರಕೋಶಗಳನ್ನ ಸುಮ್ಮನಾಗಿಸ್ತವೆ, ಹಾಗಾಗಿ ಕನಸಲ್ಲಿ ನಾವು ಎಷ್ಟೇ ಓಡಿದ್ರೂ ಮೈ ಮಂಚದ ಮೇಲೇ ಇರತ್ತೆ. ಈ ತಡೆ ಕೆಟ್ಟೋದವರು ನಿಜವಾಗ್ಲೂ ನಿದ್ದೇಲಿ ಒದೀತಾರೆ, ಎದ್ದು ಬೀಳ್ತಾರೆ, ಅದು ಬೇರೇನೇ ಒಂದು ಕಾಯಿಲೆ. ನಿಮ್ಮಲ್ಲಿ ತಡೆ ಸರಿಯಾಗೇ ಇದೆ, ಎಚ್ಚರ ಮಾತ್ರ ಒಂದು ಹೆಜ್ಜೆ ಮುಂಚೆ ಬಂದ್ಬಿಟ್ಟಿದೆ. ಮನೆಯವರು ಎದ್ದಾಗಿದೆ, ಬಾಗಿಲ ಚಿಲಕ ಇನ್ನೂ ತೆಗೆದಿಲ್ಲ, ಅಷ್ಟೇ. ಸಾಮಾನ್ಯವಾಗಿ ಕೆಲವು ಸೆಕೆಂಡಿಂದ ಒಂದೆರಡು ನಿಮಿಷದಲ್ಲಿ ತಾನಾಗೇ ಬಿಡತ್ತೆ.

ಈ ತಡೆ ಬೀಳದೇ ಇರೋ ಸ್ನಾಯುಗಳಲ್ಲಿ ಮುಖ್ಯವಾದವು ಎರಡು, ಕಣ್ಣಿಂದು ಮತ್ತು ವಪೆ. ವಪೆ ಅಂದ್ರೆ ಎದೆ ಹೊಟ್ಟೆ ಮಧ್ಯ ಇರೋ ಉಸಿರಾಟದ ಸ್ನಾಯು, ಅದು ತನ್ನ ಪಾಡಿಗೆ ಕೆಲಸ ಮಾಡ್ತಾನೇ ಇರತ್ತೆ. ಆದ್ರೆ ಪಕ್ಕೆಲುಬಿನ ನಡುವಿನ ಸ್ನಾಯುಗಳು ಸಡಿಲ ಆಗಿರತ್ವೆ, ರೆಮ್‌ನಲ್ಲಿ ಉಸಿರು ಮೇಲುಮೇಲಕ್ಕೆ ಏರುಪೇರಾಗಿ ಇರತ್ತೆ, ಆಗ ನೀವು ಗಾಬರಿಯಿಂದ ದೊಡ್ಡ ಉಸಿರು ಎಳ್ಕೊಳೋಕೆ ಹೋದ್ರೆ ಎದೆ ಮಾತು ಕೇಳಲ್ಲ, ಅದೇ ಯಾರೋ ಕೂತು ಅದುಮಿದ ಹಾಗೆ ಅನ್ಸತ್ತೆ. ಬಾಗಿಲ ಹತ್ರ ಇರೋ ಆ ಯಾರೋ ಕೂಡ ಹಾಗೇ. ಮಿದುಳು ಅರ್ಧ ಕನಸಲ್ಲಿದೆ, ಮೈ ಕಟ್ಟಿ ಹಾಕಿದ ಹಾಗಿದೆ, ಅಪಾಯ ಎಲ್ಲಿದೆ ಅಂತ ಹುಡುಕೋ ಭಾಗ ಪೂರ್ತಿ ಎಚ್ಚರದಲ್ಲಿದೆ, ಹುಡುಕಿ ಹುಡುಕಿ ಒಬ್ಬರನ್ನ ನಿಲ್ಲಿಸೇ ಬಿಡತ್ತೆ. ಸಂಶೋಧಕರು ಈ ಅನುಭವಗಳನ್ನ ಮೂರು ಗುಂಪು ಮಾಡ್ತಾರೆ: ಯಾರೋ ಇದಾರೆ ಅನ್ನೋದು, ಎದೆ ಭಾರ, ತೇಲೋದು ಮತ್ತು ಹೊರಗೆ ಬರೋದು. ನಿಮಗೆ ಮೂರೂ ಆಗಿದೆ. ನೀವೊಬ್ಬರೇ ಅಲ್ಲ, 2011ರಲ್ಲಿ ಹಲವು ಅಧ್ಯಯನ ಒಟ್ಟು ಹಾಕಿ ನೋಡಿದಾಗ ಜೀವನದಲ್ಲಿ ಒಂದು ಸಲನಾದ್ರೂ ಆದವರು ಸಾಮಾನ್ಯ ಜನರಲ್ಲಿ ಶೇ 7.6, ವಿದ್ಯಾರ್ಥಿಗಳಲ್ಲಿ ಶೇ 28ರಷ್ಟು ಸಿಕ್ಕಿದ್ರು.

ಈಗ ಆಗೋ ಹೊತ್ತಲ್ಲಿ ಏನ್ ಮಾಡೋದು. ಕಿತ್ತಾಡ್ಬೇಡಿ. ಎದ್ದೇ ಏಳ್ತೀನಿ ಅಂತ ಇಡೀ ಮೈಯನ್ನ ಎಳೆದಾಡಿದಷ್ಟೂ ಗಾಬರಿ ಜಾಸ್ತಿ ಆಗತ್ತೆ, ಗಾಬರಿ ಜಾಸ್ತಿ ಆದಷ್ಟೂ ಕಾಣೋದು ಭಯಂಕರ ಆಗತ್ತೆ. ಇದು ಅದೇ, ಬರತ್ತೆ ಹೋಗತ್ತೆ ಅಂತ ಮನಸ್ಸಲ್ಲೇ ಹೇಳ್ಕೊಳಿ, ಉಸಿರನ್ನ ಎಳೀಬೇಡಿ ಅದರ ಪಾಡಿಗೆ ಬಿಡಿ, ಆ ಆಕೃತಿ ಕಡೆ ಗಮನ ಕೊಡದೆ ನಿಮಗೆ ಪ್ರೀತಿ ಇರೋ ಒಂದು ಮುಖಾನೋ ಒಂದು ಪ್ರಾರ್ಥನೆನೋ ಹಿಡ್ಕೊಳಿ. ಬಾಲಂದ್ ಜಲಾಲ್ ಅನ್ನೋ ಸಂಶೋಧಕರು 2016ರಲ್ಲಿ ಹೇಳಿದ ವಿಧಾನದ ತಿರುಳು ಇದೇ. 2020ರಲ್ಲಿ ಕೆಲವೇ ರೋಗಿಗಳ ಮೇಲೆ ಮಾಡಿ ನೋಡಿದಾಗ ಕಡಿಮೆ ಆಗಿದ್ದು ಕಂಡಿದೆ, ಚಿಕ್ಕ ಅಧ್ಯಯನ, ಆದ್ರೂ ನಾನು ನನ್ನ ರೋಗಿಗಳಿಗೆ ಇದನ್ನೇ ಹೇಳ್ಕೊಡ್ತೀನಿ. ಕೆಲವರಿಗೆ ಕಣ್ಣು ಆ ಕಡೆ ಈ ಕಡೆ ಆಡಿಸೋದು, ಕಾಲ್ಬೆರಳ ತುದಿ ಒಂದನ್ನೇ ಅಲ್ಲಾಡಿಸೋಕೆ ನೋಡೋದು ಸಹಾಯ ಆಗತ್ತೆ. ಹಗಲಲ್ಲಿ ಆರಾಮಾಗಿದ್ದಾಗ ಇದನ್ನೆಲ್ಲ ಅಭ್ಯಾಸ ಮಾಡ್ಕೊಂಡಿರ್ಬೇಕು, ರಾತ್ರಿ ಆ ಹೊತ್ತಲ್ಲಿ ಹೊಸದಾಗಿ ನೆನಪಾಗಲ್ಲ.

ಬರದ ಹಾಗೆ ಮಾಡೋಕೆ ಅಂಗಾತ ಮಲಗೋದು ಬಿಟ್ಟು ಮಗ್ಗುಲಾಗಿ ಮಲಗಿ, ಅಂಗಾತ ಮಲಗಿದವರಿಗೇ ಇದು ಜಾಸ್ತಿ. ನಿದ್ದೆ ಕಡಿಮೆ ಮಾಡ್ಬೇಡಿ. ನಿಮ್ಮ ಕೇಸಲ್ಲಿ ನನಗೆ ಎದ್ದು ಕಾಣೋದು ಆ ವಾರಕ್ಕೊಮ್ಮೆ ತಿರುಗೋ ಶಿಫ್ಟು, ಅದನ್ನ ಬದಲಾಯಿಸಿ ಅಂತ ಕೇಳೋ ಅವಕಾಶ ಇದ್ರೆ ದಯವಿಟ್ಟು ಕೇಳಿ, ಬೇಕಾದ್ರೆ ಡಾಕ್ಟರ್ ಪತ್ರ ತಗೊಳಿ.

ಇನ್ನು ಎರಡನೇ ಪ್ರಶ್ನೆ. ಆ ಅನುಭವ ಕೆಟ್ಟದ್ದಲ್ಲ, ಹುಚ್ಚಿನ ಲಕ್ಷಣವೂ ಅಲ್ಲ. ಆದ್ರೆ ಆ ವಿಡಿಯೋಗಳಲ್ಲಿ ಏನ್ ಹೇಳ್ತಾರೆ ನೋಡಿ: ಮಧ್ಯರಾತ್ರಿ ಅಲಾರಂ ಇಟ್ಟು ಏಳಿ, ಸ್ವಲ್ಪ ಹೊತ್ತು ಎದ್ದಿದ್ದು ಮತ್ತೆ ಅಂಗಾತ ಮಲಗಿ, ಮೈ ಮಲಗಿಸಿ ಮನಸ್ಸು ಎಚ್ಚರ ಇಡಿ. ನಿಮ್ಮ ಭಯದ ರಾತ್ರಿಗಳನ್ನ ತಪ್ಪಿಸೋಕೆ ನಾನು ಏನೇನ್ ಬೇಡ ಅಂದ್ನೋ ಸರಿಯಾಗಿ ಅದನ್ನೇ ಮಾಡಿ ಅಂತಾರೆ! ಎರಡೂ ಒಂದೇ ಬಾಗಿಲು, ಯಾವುದು ಒಳಗೆ ಬರತ್ತೆ ಅಂತ ನೀವು ಆರಿಸೋಕಾಗಲ್ಲ. ಹಾಗಾಗಿ ಈಗ ಬೇಡ. ಮೊದಲು ಕೆಲವು ತಿಂಗಳು ನಿದ್ದೆ ನೆಟ್ಟಗಾಗ್ಲಿ. ಅಷ್ಟರಲ್ಲಿ ತಾನಾಗೇ ತೇಲೋ ಹಾಗಾದ್ರೆ ಹೆದರದೆ ನೋಡ್ತಾ ಇರಿ, ಬೆಳಿಗ್ಗೆ ಎದ್ದು ಬರೆದಿಡಿ, ಅದಕ್ಕೆ ನನ್ನ ಅಡ್ಡಿ ಏನಿಲ್ಲ. ಮುಂದೆ ಆಸೆ ಇದ್ರೆ ಲೂಸಿಡ್ ಡ್ರೀಮ್, ಅಂದ್ರೆ ಇದು ಕನಸು ಅಂತ ಕನಸೊಳಗೇ ಗೊತ್ತಾಗೋದು, ಅದನ್ನ ಕಲೀಬಹುದು. ಅಲಾರಂ ಇಡದೆ, ದಿನಾ ಕನಸು ಬರೆದಿಟ್ಟು, ಮಲಗೋ ಮುಂಚೆ ಇವತ್ತು ಕನಸು ಬಿದ್ರೆ ಕನಸು ಅಂತ ಗುರುತಿಸ್ತೀನಿ ಅಂತ ಮನಸ್ಸಿಗೆ ಹೇಳ್ಕೊಂಡು ಮಲಗೋದು. ಇದೇನು ಬರೀ ಬಾಯಿಮಾತಲ್ಲ, 1975ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಕೀತ್ ಹರ್ನ್, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್, ಮಲಗಿದವರು ಕನಸೊಳಗಿಂದ ಮೊದಲೇ ಮಾತಾಡ್ಕೊಂಡ ಹಾಗೆ ಕಣ್ಣಾಡಿಸಿ ಸಿಗ್ನಲ್ ಕೊಟ್ಟಿದ್ದನ್ನ ಯಂತ್ರದಲ್ಲಿ ದಾಖಲಿಸಿದಾರೆ. ಕಣ್ಣಿನ ಸ್ನಾಯುಗೆ ತಡೆ ಬೀಳಲ್ಲ ಅಂದ್ನಲ್ಲ, ಅದಕ್ಕೇ ಅದು ಸಾಧ್ಯ ಆಯ್ತು.

ಇನ್ನೊಬ್ಬ ಸದಸ್ಯರು:
ಮೇಡಂ, ಎಲ್ಲಾನೂ ಮಿದುಳು ಅಂತ ಹೇಳಿ ಮುಗಿಸ್ಬಿಟ್ರಿ. ನಾನೂ ಹೊರಗೆ ಬಂದಿದೀನಿ, ರೂಮಿನ ಫ್ಯಾನು ಬೀರು ಎಲ್ಲ ಮೇಲಿಂದ ಸ್ಪಷ್ಟವಾಗಿ ನೋಡಿದೀನಿ. ಅದು ಕನಸು ಅಂದ್ರೆ ನನಗೆ ಒಪ್ಪಿಗೆ ಇಲ್ಲ.

ಡಾಕ್ಟರ್:
ಸರ್, ನೀವು ಅನುಭವಿಸಿದ್ದು ಸುಳ್ಳು ಅಂತ ನಾನು ಹೇಳಲ್ಲ, ಅದು ಬರೀ ಕನಸಿಗಿಂತ ಬೇರೆ ಥರ ಇರತ್ತೆ ಅಂತ ತುಂಬ ಜನ ಹೇಳ್ತಾರೆ, ನಾನು ನಂಬ್ತೀನಿ. ಆದ್ರೆ ನಾನು ಎಲ್ಲಿ ಅನ್ನೋ ಅರಿವನ್ನ ಮಿದುಳು ಕ್ಷಣಕ್ಷಣವೂ ಕಟ್ತಾ ಇರತ್ತೆ, ಕಣ್ಣಿಂದ, ಚರ್ಮದಿಂದ, ಕಿವಿಯೊಳಗಿನ ಸಮತೋಲನದ ಭಾಗದಿಂದ ಬರೋ ಸುದ್ದಿ ಸೇರಿಸಿ. ಅದು ತಪ್ಪಿದ್ರೆ ಏನಾಗತ್ತೆ ಅನ್ನೋದಕ್ಕೆ ಒಂದು ಘಟನೆ ಇದೆ. ಒಲಾಫ್ ಬ್ಲಾಂಕೆ ಮತ್ತು ಜೊತೆಗಾರರು 2002ರಲ್ಲಿ ವರದಿ ಮಾಡಿದ್ದು, ಮೂರ್ಛೆರೋಗಕ್ಕೆ ಚಿಕಿತ್ಸೆಗೆ ಬಂದಿದ್ದ ಒಬ್ಬ ಮಹಿಳೆಗೆ ಮಿದುಳಿನ ಬಲಭಾಗದಲ್ಲಿ, ಕಿವಿಯಿಂದ ಸ್ವಲ್ಪ ಮೇಲೆ ಹಿಂದಕ್ಕೆ ಇರೋ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ ಆಕೆ ಪೂರ್ತಿ ಎಚ್ಚರದಲ್ಲೇ ಇದ್ದು ನಾನು ಮೇಲಿಂದ ಹಾಸಿಗೇಲಿ ಮಲಗಿರೋ ನನ್ನನ್ನ ನೋಡ್ತಿದೀನಿ ಅಂದ್ರು. 2007ರಲ್ಲಿ ಹೆನ್ರಿಕ್ ಎಹ್ರ್‌ಸನ್ ಆರೋಗ್ಯವಾಗಿರೋ ಜನರ ಹಿಂದೆ ಕ್ಯಾಮೆರಾ ಇಟ್ಟು, ಅದರ ಚಿತ್ರಾನ ಅವರ ಕಣ್ಣಿಗೆ ಕಟ್ಟಿದ ಪರದೆ ಮೇಲೆ ತೋರಿಸಿ, ಎದೆ ಮುಟ್ಟೋದು ಮತ್ತು ಕ್ಯಾಮೆರಾ ಕೆಳಗೆ ಮುಟ್ಟಿದ ಹಾಗೆ ಮಾಡೋದು ಎರಡನ್ನೂ ಒಂದೇ ಹೊತ್ತಿಗೆ ಮಾಡಿ ನಾನು ನನ್ನ ಬೆನ್ನ ಹಿಂದೆ ಕೂತಿದೀನಿ ಅನ್ನೋ ಭಾವನೆ ಹುಟ್ಟಿಸಿದ್ರು.

ಮೇಲಿಂದ ನಿಜವಾಗ್ಲೂ ಕಾಣತ್ತಾ ಅಂತ ಪರೀಕ್ಷೆ ಮಾಡೋಕೂ ನೋಡಿದಾರೆ. ಸ್ಯಾಮ್ ಪಾರ್ನಿಯಾ ಅವರ ತಂಡ ಹೃದಯಸ್ತಂಭನ ಆದವರ ಮೇಲೆ ಮಾಡಿದ ದೊಡ್ಡ ಅಧ್ಯಯನ 2014ರಲ್ಲಿ ಬಂತು, ಆಸ್ಪತ್ರೆ ಕೋಣೆಗಳಲ್ಲಿ ಎತ್ತರದಲ್ಲಿ ಶೆಲ್ಫ್ ಹಾಕಿ ಮೇಲಿಂದ ಮಾತ್ರ ಕಾಣೋ ಹಾಗೆ ಚಿತ್ರ ಇಟ್ಟಿದ್ರು. ಆದ್ರೆ ನೋಡಿದ ಕೇಳಿದ ನೆನಪು ಹೇಳಿದ ಇಬ್ಬರಿಗೆ ಶೆಲ್ಫ್ ಇಲ್ಲದ ಕಡೆ ಹೃದಯ ನಿಂತಿತ್ತು, ಹಾಗಾಗಿ ಚಿತ್ರ ನೋಡಿದೀನಿ ಅಂದವರು ಯಾರೂ ಇಲ್ಲ. ನೀವೇ ಒಂದು ಪರೀಕ್ಷೆ ಮಾಡ್ಕೋಬಹುದು, ಮನೆಯವರಿಗೆ ಹೇಳಿ ನಿಮಗೆ ಗೊತ್ತಿಲ್ಲದ ಒಂದು ಸಂಖ್ಯೆ ಬರೆಸಿ ಬೀರು ಮೇಲೆ ಇಡ್ಸಿ, ಮುಂದಿನ ಸಲ ಓದಿ ನೋಡಿ. ಏನ್ ಬಂದ್ರೂ ಪ್ರಾಮಾಣಿಕವಾಗಿ ಬರೆದಿಡಿ. ಆದ್ರೆ ಅದಕ್ಕೋಸ್ಕರ ನಿದ್ದೆ ಕೆಡಿಸ್ಕೋಬೇಡಿ ಅನ್ನೋದು ನಿಮಗೂ ಅನ್ವಯ ಆಗತ್ತೆ ಸರ್.

ಒಬ್ಬ ತಾಯಿ:
ಮೇಡಂ ನನ್ನ ಮಗನಿಗೆ 15, ಎರಡು ಸಲ ಹೀಗಾಗಿದೆ, ಈಗ ಒಬ್ಬನೇ ಮಲಗೋಕೇ ಹೆದರ್ತಾನೆ, ರಾತ್ರಿ ಫೋನ್ ಹಿಡ್ಕೊಂಡು ಎಷ್ಟೊತ್ತಾದ್ರೂ ಮಲಗಲ್ಲ. ಆಗ ಅವನನ್ನ ಮುಟ್ಟಬಾರದು, ಎಬ್ಬಿಸಿದ್ರೆ ಜೀವಕ್ಕೆ ತೊಂದ್ರೆ ಅಂತ ಯಾರೋ ಹೇಳಿದ್ರು, ನಿಜಾನಾ? ಮಾತ್ರೆ ಕೊಡಿಸ್ಬೇಕಾ?

ಡಾಕ್ಟರ್:
ಅಮ್ಮಾ, ಮುಟ್ಟಿ, ಧಾರಾಳವಾಗಿ ಮುಟ್ಟಿ. ಯಾರಾದ್ರೂ ಭುಜ ಮುಟ್ಟಿ ಹೆಸರು ಹಿಡಿದು ಕರೆದ್ರೆ ಸಾಮಾನ್ಯವಾಗಿ ಆಗಲೇ ಬಿಟ್ಟೋಗತ್ತೆ, ಏನೂ ತೊಂದ್ರೆ ಇಲ್ಲ. ಈ ವಯಸ್ಸಲ್ಲಿ ಶುರುವಾಗೋದು ಸಾಮಾನ್ಯ. ಆಮೇಲೆ ತಕ್ಷಣ ಮಲಗಿಸ್ಬೇಡಿ, ಎದ್ದು ಮುಖ ತೊಳ್ಕೊಂಡು ಒಂದೈದು ನಿಮಿಷ ಕೂತು ಮಲಗ್ಲಿ, ಇಲ್ಲಾಂದ್ರೆ ಕೆಲವರಿಗೆ ಮತ್ತೆ ಅದರೊಳಗೇ ಜಾರಿದ ಹಾಗಾಗತ್ತೆ. ನನಗೆ ಚಿಂತೆ ಆಗೋದು ಆ ಎರಡು ಸಲದ್ದಲ್ಲ, ಹೆದರಿ ನಿದ್ದೆ ಬಿಡ್ತಿರೋದು, ಯಾಕಂದ್ರೆ ನಿದ್ದೆ ಬಿಟ್ಟಷ್ಟೂ ಇದು ಜಾಸ್ತಿ ಆಗತ್ತೆ. ಮೈ ಯಾಕೆ ಲಾಕ್ ಆಗತ್ತೆ ಅಂತ ನಾನು ಮೇಲೆ ಬರೆದದ್ದನ್ನ ಅವನಿಗೆ ಓದಿಸಿ, ಈ ವಯಸ್ಸಿನ ಮಕ್ಕಳಿಗೆ ಕಾರಣ ಗೊತ್ತಾದ್ರೆ ಅರ್ಧ ಧೈರ್ಯ ಬರತ್ತೆ. ಕೆಲವು ದಿನ ಅವನ ರೂಮಲ್ಲೇ ಯಾರಾದ್ರೂ ಮಲಗಿ, ಅದರಲ್ಲಿ ಸಂಕೋಚ ಏನೂ ಬೇಡ. ಎರಡು ಸಲಕ್ಕೆ ಮಾತ್ರೆ ಬೇಡ. ತುಂಬ ಪದೇ ಪದೇ ಆಗಿ ಬದುಕೇ ಕಷ್ಟ ಆದವರಿಗೆ ರೆಮ್ ನಿದ್ದೆ ಕಡಿಮೆ ಮಾಡೋ ಕೆಲವು ಖಿನ್ನತೆ ಔಷಧಿ ಕೊಡ್ತೀವಿ, ಅದನ್ನ ಡಾಕ್ಟರ್ ನೋಡೇ ಕೊಡ್ಬೇಕು, ತಾವೇ ನಿಲ್ಲಿಸ್ಲೂಬಾರದು, ದಿಢೀರಂತ ನಿಲ್ಲಿಸಿದ್ರೆ ಅದುಮಿಟ್ಟಿದ್ದ ರೆಮ್ ನಿದ್ದೆ ದುಪ್ಪಟ್ಟಾಗಿ ಬಂದ ಹಾಗಾಗತ್ತೆ. ದೊಡ್ಡವರು ಕುಡಿದು ಮಲಗಿದ್ರೂ ಹೀಗೇ, ಮೊದಲ ಅರ್ಧ ರಾತ್ರಿ ಅದುಮಿ ಬೆಳಗಿನ ಜಾವ ಉಕ್ಕತ್ತೆ.

ಮತ್ತೊಬ್ಬರು:
ಮೇಡಂ ನನಗೂ ಮೈ ಲಾಕ್ ಆಗತ್ತೆ, ಆದ್ರೆ ಅದಕ್ಕಿಂತ ಹಗಲು ನಿದ್ದೇದೇ ಕಾಟ. ರಾತ್ರಿ 8 ಗಂಟೆ ಮಲಗಿದ್ರೂ ಮೀಟಿಂಗಲ್ಲಿ ಮಾತಾಡ್ತಾ ಮಾತಾಡ್ತಾ ತೂಗ್ತೀನಿ. ಜೋರಾಗಿ ನಕ್ಕಾಗ ಮಂಡಿ ಕುಸಿದ ಹಾಗಾಗತ್ತೆ, ಒಂದ್ಸಲ ಕೈಲಿದ್ದ ಲೋಟ ಬಿದ್ದೋಯ್ತು. ಇದೂ ಅದೇನಾ?

ಡಾಕ್ಟರ್:
ನಿಮ್ಮದು ಬೇರೆ, ನೀವು ತಡ ಮಾಡ್ಬೇಡಿ. ನಕ್ಕಾಗ ಮಂಡಿ ಕುಸಿಯೋದಕ್ಕೆ ಕ್ಯಾಟಪ್ಲೆಕ್ಸಿ ಅಂತೀವಿ, ಅದರ ಜೊತೆ ಹಗಲು ತಡೆಯೋಕಾಗದ ನಿದ್ದೆ ಅಂದ್ರೆ ನಾರ್ಕೊಲೆಪ್ಸಿ ಇದ್ಯಾ ಅಂತ ನೋಡ್ಲೇಬೇಕು. ಎಚ್ಚರವನ್ನ ಹಿಡಿದಿಡೋ ಒರೆಕ್ಸಿನ್ ಅನ್ನೋ ರಾಸಾಯನಿಕ ತಯಾರಿಸೋ ಜೀವಕೋಶಗಳು ಮಿದುಳಲ್ಲಿ ನಾಶ ಆಗಿ ಬರೋ ಕಾಯಿಲೆ ಅದು, ಸೋಮಾರಿತನ ಅಲ್ಲ, ಬೈಸ್ಕೊಂಡಿದ್ರೆ ಅದನ್ನ ಮನಸ್ಸಿಂದ ತೆಗೆದುಹಾಕಿ. ನಿದ್ರೆ ತಜ್ಞರು ಅಥವಾ ನ್ಯೂರಾಲಜಿಸ್ಟ್ ಹತ್ರ ಹೋಗಿ. ರಾತ್ರಿ ಪೂರ್ತಿ ನಿದ್ದೆ ರೆಕಾರ್ಡ್ ಮಾಡಿ, ಮಾರನೇ ದಿನ ಎರಡೆರಡು ಗಂಟೆಗೊಮ್ಮೆ ಸಣ್ಣ ನಿದ್ದೆಗೆ ಬಿಟ್ಟು ಎಷ್ಟು ಬೇಗ ನಿದ್ದೆ ಹತ್ತತ್ತೆ, ಹತ್ತಿದ ಕೂಡ್ಲೇ ರೆಮ್ ಬರತ್ತಾ ಅಂತ ನೋಡ್ತಾರೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಎರಡು ಸಲನಾದ್ರೂ ಬೇಗ ರೆಮ್ ಬಂದ್ರೆ ಅದು ಬಲವಾದ ಸೂಚನೆ. ಔಷಧಿ ಇದೆ, ಚೆನ್ನಾಗಿ ಕೆಲಸ ಮಾಡತ್ತೆ. ಹೋಗೋ ಮುಂಚೆ ಎರಡು ವಾರ ಯಾವಾಗ ಮಲಗಿದ್ರಿ, ಯಾವಾಗ ಎದ್ರಿ, ಹಗಲು ಎಲ್ಲೆಲ್ಲಿ ತೂಗಿದ್ರಿ, ಮಂಡಿ ಯಾವಾಗ ಕುಸೀತು ಅಂತ ಬರ್ಕೊಂಡು ಹೋಗಿ, ಈಗ ತಗೋತಿರೋ ಮಾತ್ರೆಗಳ ಪಟ್ಟಿನೂ ಇರ್ಲಿ. ಮತ್ತೆ ಪರೀಕ್ಷೆ ಆಗಿ ಚಿಕಿತ್ಸೆ ಶುರುವಾಗೋ ತನಕ ಗಾಡಿ ಓಡಿಸ್ಬೇಡಿ, ಹತ್ತಿರಕ್ಕೂ ಬೇಡ, ಇವತ್ತಿಂದಾನೇ.