ಪದಚರ್ಚೆ: ಬ್ಯಾಟರಿ ಮೋವರ್‌ಗೆ "ಬಾಳಿಕೆ" ಅಂದರೆ ನಿಮಿಷವೋ, ವರ್ಷವೋ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ. ನಮ್ಮ ಕನ್ನಡ ಕೂಟದವರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಮನೆಯ ಹುಲ್ಲುಹಾಸಿಗೆ ಬ್ಯಾಟರಿಯ ಲಾನ್ ಮೋವರ್, ಅಂದರೆ ಹುಲ್ಲು ಕತ್ತರಿಸುವ ಮಿಷನ್, ಆರಿಸುವುದು ಹೇಗೆ, ಬಳಸುವುದು ಹೇಗೆ ಅನ್ನುವುದು ವಿಷಯ. ಇಂಗ್ಲಿಷಿನಲ್ಲಿ ಬೇಕಾದಷ್ಟು ಇರುವಾಗ ಕನ್ನಡದಲ್ಲಿ ಯಾಕೆ ಅಂತ ಕೆಲವರು ಕೇಳಿದರು. ಬೇಸಿಗೆಗೆ ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ಹುಟ್ಟಿದಾಗಿನಿಂದ ತೋಟ ಗದ್ದೆ ನೋಡಿಕೊಂಡವರಿಗೆ ಸುಮ್ನೆ ಕೂತಿರಲು ಆಗುವುದಿಲ್ಲ. ಮಕ್ಕಳು ಆಫೀಸಿಗೆ ಹೋದ ಮೇಲೆ ಗ್ಯಾರೇಜಿನಿಂದ ಮಿಷನ್ ಹೊರಗೆ ತರುವವರು ಅವರೇ. ಕೆಳಗೆ ಅಲಗು ಗಿರ್ರನೆ ತಿರುಗುವ ಯಂತ್ರ ಅದು. ಅದರ ಬಗ್ಗೆ ಬರೆದ ಮಾತು ಹಾಸನದ ಕಡೆಯವರಿಗೂ ತಿಳಿಯಬೇಕು, ಬೀದರಿನ ಕಡೆಯವರಿಗೂ ತಿಳಿಯಬೇಕು. ಅದಕ್ಕೇ ನಿಮ್ಮೆಲ್ಲರ ಸಹಾಯ ಕೇಳುತ್ತಿದ್ದೇನೆ.

ಇಲ್ಲಿ ಬ್ಯಾಟರಿಯದ್ದೇ ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಹುಲ್ಲು ಕತ್ತರಿಸುವಂಥ ಸಣ್ಣ ಯಂತ್ರಗಳ ಎಂಜಿನ್ನಿಗೆ ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ಮಾಡಿತು. 2024ರ ಮಾದರಿಯಿಂದ ಮುಂದಕ್ಕೆ ಹೊಸದಾಗಿ ತಯಾರಾಗುವ ಬಹುಪಾಲು ಯಂತ್ರಗಳು ಹೊಗೆ ಬಿಡುವ ಹಾಗಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಪೆಟ್ರೋಲ್ ಮಿಷನ್ ಬಳಸಲು ಅಡ್ಡಿಯಿಲ್ಲ. ಹೊಸದಾಗಿ ಕೊಳ್ಳುವವರು ಮಾತ್ರ ಹೆಚ್ಚಾಗಿ ಬ್ಯಾಟರಿಯದ್ದನ್ನೇ ನೋಡುತ್ತಾರೆ.

ಈಗ ನನ್ನ ಮುಖ್ಯ ಪ್ರಶ್ನೆ. ಅಂಗಡಿಗೆ ಹೋದವರು ಕೇಳುವ ಮೊದಲ ಮಾತೇ "ಬ್ಯಾಟರಿ ಎಷ್ಟು ಬರುತ್ತದೆ?" ಕನ್ನಡದಲ್ಲಿ ಇದಕ್ಕೆ ಎರಡು ಅರ್ಥ ಇದೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಹೊತ್ತು ಓಡುತ್ತದೆ ಅನ್ನುವುದು ಒಂದು. ಕೊಂಡ ಮೇಲೆ ಎಷ್ಟು ವರ್ಷ ಕೆಲಸಕ್ಕೆ ಬರುತ್ತದೆ ಅನ್ನುವುದು ಇನ್ನೊಂದು. ಮಾತಿನಲ್ಲಾದರೆ ಸಂದರ್ಭ ನೋಡಿ ಅರ್ಥವಾಗುತ್ತದೆ. ಬರಹದಲ್ಲಿ ಎರಡಕ್ಕೂ "ಬಾಳಿಕೆ" ಅಂತಲೇ ಹಾಕುತ್ತಿದ್ದೇವೆ. ಫೋನಿನ ಜಾಹೀರಾತಿನಲ್ಲಿ "ದಿನವಿಡೀ ಬಾಳಿಕೆ ಬರುವ ಬ್ಯಾಟರಿ" ಅನ್ನುವಂಥ ಸಾಲು ಎಲ್ಲರೂ ಓದಿರುತ್ತೀರಿ. ನನಗೆ ಅದು ಕಿವಿಗೆ ಚುಚ್ಚುತ್ತದೆ. ಬಾಳಿಕೆ ಅಂದರೆ ಬಾಳುವುದು ಅಲ್ವಾ? ಚಪ್ಪಲಿ ಬಾಳಿಕೆ ಬಂತು, ಸೀರೆ ಬಾಳಿಕೆ ಬಂತು, ತೇಗದ ಬಾಗಿಲು ಬಾಳಿಕೆ ಬಂತು ಅನ್ನುತ್ತೇವೆ. ಸಂಜೆಗೆ ಖಾಲಿಯಾಗಿ ಮತ್ತೆ ತುಂಬುವ ವಸ್ತುವಿಗೆ ಆ ಪದ ಹೊಂದುವುದಿಲ್ಲ. ಸೀಮೆಎಣ್ಣೆ ದೀಪದ ಕಾಲದಲ್ಲಿ "ಈ ಎಣ್ಣೆ ಬೆಳಗಿನ ತನಕ ಬರುತ್ತದೆ" ಅನ್ನುತ್ತಿದ್ದರೇ ಹೊರತು ಎಣ್ಣೆ ಬಾಳಿಕೆ ಬರುತ್ತದೆ ಅನ್ನುತ್ತಿರಲಿಲ್ಲ.

ಈ ಎರಡು ಅರ್ಥ ಬೆರೆತರೆ ಕೊಳ್ಳುವವರ ದುಡ್ಡಿಗೇ ಪೆಟ್ಟು. ಡಬ್ಬಿಯ ಮೇಲಿನ ನಿಮಿಷದ ಲೆಕ್ಕ ಹೊಸ ಬ್ಯಾಟರಿಯದ್ದು, ಅದೂ ಕುಳ್ಳನೆಯ ಒಣ ಹುಲ್ಲಿನ ಮೇಲೆ. ಹುಲ್ಲು ಮೊಣಕಾಲುದ್ದ ಬೆಳೆದಿದ್ದರೆ, ಒದ್ದೆಯಾಗಿದ್ದರೆ, ಅಲಗು ಮೊಂಡಾಗಿದ್ದರೆ ಆ ನಿಮಿಷ ಎಷ್ಟೋ ಕಡಿಮೆಯಾಗುತ್ತದೆ. ಇದು ಒಂದು ಸಲದ ಮಾತು. ವರ್ಷಗಳ ಮಾತು ಬೇರೆಯೇ. ಲಿಥಿಯಂ ಬ್ಯಾಟರಿ ಬಳಸಿದರೂ ಬಳಸದಿದ್ದರೂ ನಿಧಾನಕ್ಕೆ ಸವೆಯುತ್ತದೆ. ಸೆಕೆ ಅದಕ್ಕೆ ದೊಡ್ಡ ಶತ್ರು. ಇಲ್ಲಿ ಜುಲೈನಲ್ಲಿ 38 ಡಿಗ್ರಿ ದಾಟುವ ದಿನಗಳು ಮಾಮೂಲು, ಮುಚ್ಚಿದ ಗ್ಯಾರೇಜಿನೊಳಗೆ ಇನ್ನೂ ಜಾಸ್ತಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ತಣ್ಣಗಿರುವ ಕಡೆ ಇಡಬೇಕು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧದಷ್ಟು ಚಾರ್ಜ್ ಉಳಿಸಿ ಇಡಬೇಕು. 0 ಡಿಗ್ರಿಗಿಂತ ಕೆಳಗೆ ಚಾರ್ಜಿಗೆ ಹಾಕಬಾರದು. ಹೊಸ ಬ್ಯಾಟರಿಯ ಬೆಲೆ ಮಿಷನ್ನಿನ ಬೆಲೆಯಲ್ಲಿ ದೊಡ್ಡ ಪಾಲು ಆಗಿರುವುದರಿಂದ ಎಷ್ಟು ವರ್ಷ ಅನ್ನುವ ಪ್ರಶ್ನೆಯನ್ನು ಎಷ್ಟು ನಿಮಿಷ ಅನ್ನುವುದರ ಜೊತೆ ಕಲಸಿಬಿಡಬಾರದು.

ನಾನು ಸದ್ಯಕ್ಕೆ ವರ್ಷದ ಲೆಕ್ಕಕ್ಕೆ "ಬಾಳಿಕೆ" ಇಟ್ಟುಕೊಂಡಿದ್ದೇನೆ. ನಿಮಿಷದ ಲೆಕ್ಕಕ್ಕೆ "ಓಟ" ಅಂತ ಬರೆದಿದ್ದೇನೆ: "ಒಂದು ಚಾರ್ಜಿನ ಓಟ 40 ನಿಮಿಷ." ಮೋಟರು, ಪಂಪು, ಗಡಿಯಾರ ಎಲ್ಲಕ್ಕೂ ಓಡುವುದು ಅನ್ನುತ್ತೇವೆ, ಹಾಗಾಗಿ ಇದು ಹೊಂದೀತು ಅನಿಸಿತು. ಆದರೆ ಸ್ಕೂಟರಿನ ವಿಷಯದಲ್ಲಿ ಓಟ ಅಂದರೆ ಕಿಲೋಮೀಟರ್ ಆಗಿಬಿಡುತ್ತದೆ. "ಓಡುವ ಹೊತ್ತು" ಅನ್ನಬಹುದೇ? "ಒಂದು ಚಾರ್ಜಿಗೆ ಇಷ್ಟು ಹೊತ್ತು" ಅಂತ ಬಿಡಿಸಿ ಬರೆದರೇ ಸಾಕೇ? ಪಂಪ್‌ಸೆಟ್ಟು, ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರ್ ಬಳಸುವ ರೈತರು ಏನು ಹೇಳುತ್ತಾರೆ ಅಂತ ಯಾರಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ. ಅವರ ಬಾಯಲ್ಲಿ ಇರುವ ಮಾತೇ ನನಗೆ ಬೇಕು.

ಎರಡನೆಯದು "ಸಾಮರ್ಥ್ಯ". ಇದನ್ನು ನಾವು ಎಲ್ಲದಕ್ಕೂ ಹಚ್ಚುತ್ತೇವೆ. 40 ವೋಲ್ಟ್ ಸಾಮರ್ಥ್ಯದ ಬ್ಯಾಟರಿ, 6 ಆಂಪಿಯರ್ ಅವರ್ ಸಾಮರ್ಥ್ಯದ ಬ್ಯಾಟರಿ, 1,000 ವ್ಯಾಟ್ ಸಾಮರ್ಥ್ಯದ ಮೋಟರು. ಮೂರೂ ಬೇರೆ ಬೇರೆ. ಓದುವವರಿಗೆ ಯಾವ ಅಂಕಿ ಹೆಚ್ಚಿದ್ದರೆ ಒಳ್ಳೆಯದು ಅನ್ನುವುದೇ ತಿಳಿಯದೆ ಹೋಗುತ್ತದೆ. ಅಂಗಡಿಯಲ್ಲಿ ಬೇರೆ ಬೇರೆ ಕಂಪನಿಗಳವು, ರಿಯೋಬಿಯ 40 ವೋಲ್ಟಿನದು, ಈಗೊದ 56 ವೋಲ್ಟಿನದು, ಗ್ರೀನ್‌ವರ್ಕ್ಸ್‌ನ 80 ವೋಲ್ಟಿನದು ಅಕ್ಕಪಕ್ಕ ನಿಂತಿರುತ್ತವೆ. 80 ಅನ್ನುವುದು 40ಕ್ಕಿಂತ ಎರಡು ಪಟ್ಟು ಒಳ್ಳೆಯದು ಅಂತ ಅನಿಸುವುದು ಸಹಜ. ಆದರೆ ನೋಡಬೇಕಾದ್ದು ವೋಲ್ಟು ಮತ್ತು ಆಂಪಿಯರ್ ಅವರ್ ಗುಣಿಸಿದ ಲೆಕ್ಕ, ಅಂದರೆ ವ್ಯಾಟ್ ಅವರ್. ಮಾಳಿಗೆ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಟ್ಯಾಂಕು ಎಷ್ಟು ಎತ್ತರದಲ್ಲಿದೆ ಅನ್ನುವುದು ವೋಲ್ಟು, ಎಷ್ಟು ನೀರಿದೆ ಅನ್ನುವುದು ಆಂಪಿಯರ್ ಅವರ್. ಎರಡೂ ಸೇರಿದರೇ ಕೆಲಸ.

ಒಂದು ಲೆಕ್ಕ ಬಿಡಿಸಿ ನೋಡೋಣ. 40 ವೋಲ್ಟ್ ಅಂತ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ಬ್ಯಾಟರಿಯೊಳಗೆ 10 ಸೆಲ್ ಸಾಲಾಗಿ ಜೋಡಿಸಿರುತ್ತಾರೆ. ಒಂದೊಂದು ಸೆಲ್ 3.6 ವೋಲ್ಟಿನದು. ಕೂಡಿದರೆ 36. ಚಾರ್ಜ್ ಪೂರ್ತಿ ತುಂಬಿದ ಗಳಿಗೆಯಲ್ಲಿ ಮಾತ್ರ ಅದು 40ರ ಸುತ್ತ ಇರುತ್ತದೆ, ಕೆಲಸ ಶುರುವಾದ ಮೇಲೆ ಇಳಿಯುತ್ತದೆ. ಹಾಗಾಗಿ 6 ಆಂಪಿಯರ್ ಅವರ್ ಇದ್ದರೆ ಸಿಗುವುದು 36 ಗುಣಿಸು 6, ಅಂದರೆ 216 ವ್ಯಾಟ್ ಅವರ್. 240 ಅಲ್ಲ. ಅಂಕಿ ನೋಡಿ ಹೋಲಿಸುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ವ್ಯಾಟ್ ಅವರ್ ಅನ್ನು ಸಾಮಾನ್ಯವಾಗಿ ಬ್ಯಾಟರಿಯ ಮೈಮೇಲೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ಹುಡುಕಿ ನೋಡಿ ಅಂತ ಕೈಪಿಡಿಯಲ್ಲಿ ಬರೆದಿದ್ದೇನೆ.

ತೊಡಕು ಇರುವುದು ಈ 36ನ್ನು ಏನಂತ ಕರೆಯುವುದು ಅನ್ನುವುದರಲ್ಲಿ. ಇಂಗ್ಲಿಷಿನ ನಾಮಿನಲ್ ಅನ್ನುವ ಪದಕ್ಕೆ ಕನ್ನಡದಲ್ಲಿ ಸಿಗುವುದು "ನಾಮಮಾತ್ರ". ನಾಮಮಾತ್ರ ವೋಲ್ಟೇಜ್ 36 ಅಂತ ಬರೆದರೆ ಓದಿದವರು ಏನು ತಿಳಿಯುತ್ತಾರೆ? ಹೆಸರಿಗಷ್ಟೇ 36, ನಿಜಕ್ಕೂ ಇಲ್ಲ ಅಂತ ತಿಳಿಯುತ್ತಾರೆ. ಅರ್ಥ ಪೂರಾ ತಲೆಕೆಳಗು! ಇಲ್ಲಿ 36 ನಿಜದ ಲೆಕ್ಕಕ್ಕೆ ಹತ್ತಿರದ್ದು, ಹೆಸರಿಗೆ ಹೇಳುವುದೇ 40. ನಾನು "ಕೆಲಸದ ವೋಲ್ಟು" ಅಂತ ಬರೆದು ನೋಡಿದೆ. 40ಕ್ಕೆ "ತುಂಬಿದಾಗಿನ ವೋಲ್ಟು". ವಿದ್ಯುತ್ ವಿಷಯ ಕನ್ನಡದಲ್ಲಿ ಪಾಠ ಮಾಡುವವರು ನಮ್ಮಲ್ಲಿ ಇದ್ದರೆ ಇದು ಸರಿಯೇ, ಬೇರೆ ಪದ ಚಾಲ್ತಿಯಲ್ಲಿದೆಯೇ ಅಂತ ಹೇಳಬೇಕು. "ಸಾಮರ್ಥ್ಯ"ವನ್ನಂತೂ ವ್ಯಾಟ್ ಅವರ್‌ಗೆ ಮಾತ್ರ ಮೀಸಲಿಟ್ಟು ಉಳಿದ ಕಡೆ ಬರೀ ವೋಲ್ಟು, ಬರೀ ವ್ಯಾಟು ಅನ್ನೋಣ ಅನ್ನುವುದು ನನ್ನ ಸಲಹೆ.

ಮೂರನೆಯದು "ಸ್ವಯಂಚಾಲಿತ". ಮೋವರ್‌ಗಳಲ್ಲಿ ಕೈಯಿಂದ ತಳ್ಳಬೇಕಾದ್ದು ಒಂದು ಬಗೆ. ಚಕ್ರಕ್ಕೂ ಮೋಟರಿನ ಬಲ ಇದ್ದು, ನಾವು ಹಿಂದೆ ಹಿಡಿದು ನಡೆದರೆ ಸಾಕು ಅನ್ನುವಂಥದ್ದು ಇನ್ನೊಂದು. ಯಾರೂ ಹಿಡಿಯದೆ ತಾನೇ ಅಂಗಳ ಸುತ್ತುವ ರೋಬೋಟ್ ಮೂರನೆಯದು. ಎರಡನೆಯದನ್ನೂ ಮೂರನೆಯದನ್ನೂ "ಸ್ವಯಂಚಾಲಿತ" ಅಂತಲೇ ಕನ್ನಡಕ್ಕೆ ತರುವುದನ್ನು ನೋಡಿದ್ದೇನೆ. ಗುಂಡಿ ಒತ್ತಿ ಒಳಗೆ ಹೋಗಿ ಕಾಫಿ ಕುಡಿಯಬಹುದು ಅಂದುಕೊಂಡು ಯಾರೂ ದುಡ್ಡು ಕೊಡಬಾರದು. ಎರಡನೆಯದಕ್ಕೆ "ತಾನೇ ಎಳೆದುಕೊಂಡು ಹೋಗುವ" ಅನ್ನುವುದು ನನಗೆ ಒಪ್ಪಿಗೆಯಾಯಿತು. ಇಳಿಜಾರಿನ ಅಂಗಳ ಇದ್ದವರಿಗೆ, ಮಂಡಿನೋವು ಇರುವ ಹಿರಿಯರಿಗೆ ಇಂಥದ್ದೇ ಬೇಕು. ಸಮತಟ್ಟಾದ ಸಣ್ಣ ಜಾಗಕ್ಕೆ ತಳ್ಳುವುದೇ ಸಾಕು, ಹಗುರವೂ ಇರುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಜಾಗದ ಅಳತೆಗೆ ಮಾತ್ರ ನಮ್ಮ ಪದ ಸೊಗಸಾಗಿ ಒದಗಿಬಂತು. ಇಲ್ಲಿ ಎಲ್ಲವನ್ನೂ ಎಕರೆಯ ಪಾಲಿನಲ್ಲಿ ಹೇಳುತ್ತಾರೆ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ. ಕಾಲು ಎಕರೆ ಅಂದರೆ 10 ಗುಂಟೆ ಅಂತ ಊರಿಂದ ಬಂದವರಿಗೆ ಥಟ್ಟನೆ ತಿಳಿಯುತ್ತದೆ. ಗುಂಟೆ ಅಂದರೆ 30ಕ್ಕೆ 40ರ ಸೈಟಿಗಿಂತ ಸ್ವಲ್ಪ ಚಿಕ್ಕದು ಅಂತ ಬೆಂಗಳೂರಿನವರಿಗೂ ಹೇಳಬಹುದು. ಮನೆ, ಡ್ರೈವ್‌ವೇ ಎಲ್ಲ ಕಳೆದು ಬರೀ ಹುಲ್ಲು ಎಷ್ಟು ಗುಂಟೆ ಇದೆ ಅಂತ ಅಳೆದುಕೊಂಡು ಅಂಗಡಿಗೆ ಹೋಗಿ ಅಂತ ಬರೆದಿದ್ದೇನೆ.

"ಮಲ್ಚಿಂಗ್" ಅನ್ನುವುದನ್ನು ಹಾಗೇ ಬಿಡೋಣ ಅಂದುಕೊಂಡಿದ್ದೆ, ರೈತರಿಗೆ ಗೊತ್ತಿರುವ ಪದವೇ ತಾನೇ ಅಂತ. ಅಲ್ಲೇ ಇರುವುದು ತೊಂದರೆ. ಕೋಲಾರದ ಕಡೆ ಟೊಮೆಟೊ ಬೆಳೆಯುವವರಿಗೆ ಮಲ್ಚಿಂಗ್ ಅಂದರೆ ಸಾಲಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ. ಮೋವರ್‌ನಲ್ಲಿ ಮಲ್ಚಿಂಗ್ ಅಂದರೆ ಹುಲ್ಲನ್ನು ಚೀಲಕ್ಕೆ ತುಂಬದೆ ಸಣ್ಣಗೆ ಚೂರು ಮಾಡಿ ಅಲ್ಲೇ ಉದುರಿಸುವುದು. ಆ ಚೂರು ಕೊಳೆತು ನೆಲಕ್ಕೇ ಗೊಬ್ಬರ. "ಚೂರು ಮಾಡಿ ಅಲ್ಲೇ ಬಿಡುವುದು" ಅಂತ ಉದ್ದಕ್ಕೆ ಬರೆದೆ. ಚಿಕ್ಕ ಪದ ಇದ್ದರೆ ಕೊಡಿ.

ಇನ್ನು ಕ್ರಿಯಾಪದ. ಇಲ್ಲಿಗೆ ಬಂದ ಹಿರಿಯರನ್ನು ಕೇಳಿದಾಗ ಒಬ್ಬೊಬ್ಬರದು ಒಂದೊಂದು. ತೀರ್ಥಹಳ್ಳಿ ಕಡೆಯ ಅಮ್ಮ ಒಬ್ಬರು "ಹುಲ್ಲು ಹೆರೆಯೋ ಮಿಷನ್ನು" ಅಂದರು. ಕಾಫಿ ತೋಟದವರು "ಕಳೆ ಹೊಡೆಯೋ ಮಿಷನ್" ಅಂದರು, ಅವರ ತೋಟದಲ್ಲಿ ಹೆಗಲಿಗೆ ಹಾಕಿಕೊಳ್ಳುವುದಕ್ಕೆ ಹಾಗೇ ಅನ್ನುತ್ತಾರಂತೆ. ಮಂಡ್ಯದವರು "ಕತ್ತರಿಸೋದು" ಅಂದರು. "ಕೊಯ್ಯುವುದು" ಅಂತ ಯಾರೂ ಹೇಳಲಿಲ್ಲ. ಅದಕ್ಕೆ ಅರ್ಥ ಇದೆ ಅನಿಸುತ್ತದೆ. ಹೂವು ಕೊಯ್ದರೆ ಬುಟ್ಟಿಗೆ, ತೆನೆ ಕೊಯ್ದರೆ ಕಣಕ್ಕೆ, ಹುಲ್ಲು ಕೊಯ್ದರೆ ಕೊಟ್ಟಿಗೆಗೆ. ಮನೆಗೆ ತರುವುದಕ್ಕೇ ಕೊಯ್ಯುವುದು. ಹೆರೆಯುವುದು ಅಂದರೆ ನೆಲಕ್ಕೆ ಹತ್ತಿ ತೆಗೆಯುವುದು, ಇಲ್ಲಿ ಅದನ್ನೇ ಮಾಡಬಾರದು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆದರೆ ಹುಲ್ಲು ಬಳಲುತ್ತದೆ, ಬಿಸಿಲಿಗೆ ಹಳದಿ ತಿರುಗುತ್ತದೆ. ಹಾಗಾದರೆ "ಸವರುವುದು"? ಬೇಲಿ ಸವರಿದೆವು, ಕೊಂಬೆ ಸವರಿದೆವು ಅಂದಾಗ ಇರುವ ಅರ್ಥ ಇಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಮಗುವಿನ ತಲೆ ಸವರುವುದೂ ಅದೇ ಪದ, ಗಾಯಕ್ಕೆ ಎಣ್ಣೆ ಸವರುವುದೂ ಅದೇ. ನಿಮ್ಮ ಊರಲ್ಲಿ "ಹುಲ್ಲು ಸವರು" ಅಂದರೆ ಏನು ಕಣ್ಣಿಗೆ ಬರುತ್ತದೆ ಅಂತ ಊರಿನ ಹೆಸರು ಸಮೇತ ಬರೆಯಿರಿ.

ಹುಲ್ಲಿನ ಹೆಸರಿನ ಬಗ್ಗೆಯೂ ಒಂದು ಮಾತು. ಇಲ್ಲಿ ಬರ್ಮುಡಾ ಗ್ರಾಸ್ ಅನ್ನುವುದು ಬೇರೇನಲ್ಲ, ನಮ್ಮ ಗರಿಕೆಯೇ. ಗಣಪತಿಗೆ ಏರಿಸುವ ಅದೇ ಗರಿಕೆ. ಕೈಪಿಡಿಯಲ್ಲಿ ಗರಿಕೆ ಅಂತಲೇ ಬರೆದಿದ್ದೇನೆ, ಅದಕ್ಕೆ ಮೋವರ್‌ನ ಎತ್ತರವನ್ನು ಒಂದೂವರೆ ಇಂಚಿನ ಸುಮಾರಿಗೆ ಇಡಬಹುದು ಅಂತಲೂ. ಇಲ್ಲಿ ಜಾಸ್ತಿ ಬೆಳೆಸುವ ಇನ್ನೊಂದು ಹುಲ್ಲು ಟಾಲ್ ಫೆಸ್ಕ್ಯೂ. ಅದನ್ನು ಇನ್ನೂ ಎತ್ತರಕ್ಕೇ ಬಿಡಬೇಕು, ಅದಕ್ಕೆ ಕನ್ನಡದ ಹೆಸರು ಹುಡುಕುವ ಗೋಜು ಬೇಡ.

ಲಾನ್ "ಮೂವರ್" ಅಂತ ಕೆಲವರು ಬರೆಯುತ್ತಾರೆ. ಉಚ್ಚಾರಣೆ "ಮೋವರ್". ಮೂವರು ಅಂತ ಓದಿಕೊಳ್ಳುವುದೂ ತಪ್ಪುತ್ತದೆ, ಅದೇ ಇರಲಿ.

ಕೊನೆಯದಾಗಿ, ಬೇಗ ಉತ್ತರ ಬೇಕಾಗಿರುವ ಎರಡು ಸಾಲು. ಹಿಡಿಕೆಯ ಮೇಲೆ ಒಂದು ಕಂಬಿ ಇರುತ್ತದೆ. ಅದನ್ನು ಹಿಡಿಕೆಗೆ ಒತ್ತಿ ಹಿಡಿದಿದ್ದರೆ ಮಾತ್ರ ಅಲಗು ತಿರುಗುತ್ತದೆ. ಕೈಬಿಟ್ಟರೆ 3 ಸೆಕೆಂಡಿನೊಳಗೆ ಅಲಗು ನಿಲ್ಲಬೇಕು ಅನ್ನುವುದು ಅಮೆರಿಕದ ನಿಯಮ. ಆ ಕಂಬಿಯನ್ನು ಹಗ್ಗದಿಂದ ಕಟ್ಟಿಡುವವರನ್ನು ಕಂಡಿದ್ದೇನೆ, ತುಂಬಾ ಅಪಾಯ. "ಬಿಟ್ಟರೆ ನಿಲ್ಲುವ ಕಂಬಿ" ಅಂತ ಹೆಸರಿಟ್ಟರೆ ಅದು ಯಾಕಿದೆ ಅನ್ನುವುದು ಹೆಸರಿನಲ್ಲೇ ತಿಳಿಯುತ್ತದಲ್ವಾ?

ಎರಡನೆಯ ಸಾಲು ಹೀಗಿದೆ: "ಅಡಿಭಾಗ ಶುಚಿ ಮಾಡಲು ಮಿಷನ್ನನ್ನು ಮಗುಚುವ ಮುಂಚೆ ಕೀಲಿ ಮತ್ತು ಬ್ಯಾಟರಿ ತೆಗೆಯಿರಿ." ಪೆಟ್ರೋಲ್ ಮಿಷನ್ ಸದ್ದು ಮಾಡಿ ಎಚ್ಚರಿಸುತ್ತದೆ. ಬ್ಯಾಟರಿಯದ್ದು ಸುಮ್ಮನೆ ಇದ್ದರೂ ಚಾಲೂ ಆಗಲು ತಯಾರಿರುತ್ತದೆ. ಹಾಗಾಗಿ ಈ ಸಾಲು ಎಲ್ಲರಿಗೂ ಒಂದೇ ಓದಿಗೆ ಅರ್ಥವಾಗಲೇಬೇಕು. ನಾವು ಮಗುಚುವುದು ಅನ್ನುತ್ತೇವೆ, ಕೆಲವು ಕಡೆ ಕವುಚುವುದು, ಬೋರಲು ಹಾಕುವುದು, ಧಾರವಾಡದ ಕಡೆ ಡಬ್ಬ ಹಾಕುವುದು. ದೋಸೆ ಮಗುಚುವುದು ಮಾತ್ರ ಗೊತ್ತಿರುವವರು ಇದನ್ನು ಹೇಗೆ ಓದುತ್ತಾರೆ? ಕಲಬುರಗಿ, ರಾಯಚೂರು, ಬೀದರ ಕಡೆಯವರು ಯಾವ ಪದ ಹಾಕಲಿ ಅಂತ ದಯವಿಟ್ಟು ಹೇಳಿ. ಬೇಕಾದರೆ ಎರಡು ಪದವನ್ನೂ ಅಕ್ಕಪಕ್ಕ ಹಾಕಿ ಅಚ್ಚು ಹಾಕಿಸುತ್ತೇನೆ.