ಸಹಾಯ ಬೇಕು: ಮಗಳಿಗಾಗಿ ಹೊಲಿಯುತ್ತಿರುವ ಕೌದಿ

ಮಾನ್ಯರೇ, ನಾನು ಸಕಲೇಶಪುರದವಳು. ಮಳೆಗಾಲದ ಚಳಿಗೆಂದು ನನ್ನ 3 ವರ್ಷದ ಮಗಳಿಗಾಗಿ, ತೀರಿಹೋದ ಅಮ್ಮನ ಹತ್ತಿ ಸೀರೆಗಳನ್ನೂ ಮಗಳು ಹಸುಗೂಸಾಗಿದ್ದಾಗಿನ ಅಂಗಿಗಳನ್ನೂ 5 ಇಂಚಿನ ಚೌಕಗಳಾಗಿ ಕತ್ತರಿಸಿ, ನಡುವೆ ಅವಳ ಹೆಸರಿನ ಅಕ್ಷರಗಳನ್ನು ಕೂರಿಸಿ ಕೌದಿಯೊಂದನ್ನು ಹೊಲಿಯುತ್ತಿದ್ದೇನೆ. ಸೀರೆಯ ತುಂಡುಗಳು ಅಚ್ಚುಕಟ್ಟಾಗಿ ಕೂಡುತ್ತಿವೆ. ಬನಿಯನ್ ಬಟ್ಟೆಯ ಅಂಗಿಗಳು ಮಾತ್ರ ಸೂಜಿಯಡಿ ಹಿಗ್ಗಿ, ಅಂಚು ಅಲೆಯಂತೆ ಏಳುತ್ತಿದೆ. ಹಿಂಬದಿಗೆ ಇಸ್ತ್ರಿಯಿಂದ ಅಂಟುವ ತೆಳು ಕ್ಯಾನ್ವಾಸ್ ಹಾಕಿದರೆ ಹಿಗ್ಗುವುದು ನಿಲ್ಲುತ್ತದೆ ಎಂದು ಬಲ್ಲೆ, ಆದರೆ ಮಗು ಹೊದೆಯುವ ಬಟ್ಟೆ ಒರಟಾಗಬಾರದಲ್ಲವೇ? ಇನ್ನು ಅಮ್ಮನ ಕೆಂಪು ಸೀರೆ ಎಷ್ಟು ಒಗೆದರೂ ಬಣ್ಣ ಬಿಡುತ್ತಿದೆ; ಅದನ್ನು ಕೈಬಿಡಲು ಮನಸ್ಸು ಒಪ್ಪುತ್ತಿಲ್ಲ. ಕೌದಿಯ ಕೈಹೊಲಿಗೆ ಬಲ್ಲ ಹಿರಿಯರು ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಇದ್ದರೆ ದಯವಿಟ್ಟು ತಿಳಿಸಿ, ತುಂಡುಗಳೊಂದಿಗೆ ನಾನೇ ಬರುತ್ತೇನೆ.